ಆಕ್ಯುಪೈ ಚಾರ್ಟ್‌ಗಳು: ಮೈಕ್ ಮುಗಿಯಿತು, ಸಾಲದ ಚಾರ್ಟ್ ಬಾಕಿ

ಕಲಬುರಗಿಯ ಬ್ರಹ್ಮಪುರದ ನಮ್ಮ ಓದುಕೋಣೆಯ ಗೋಡೆಗೆ ಆಕ್ಯುಪೈ ವಾಲ್ ಸ್ಟ್ರೀಟ್ ಚಳವಳಿಯ, ಅಂದರೆ ಅಮೆರಿಕದಲ್ಲಿ ದೊಡ್ಡ ಬ್ಯಾಂಕ್‌ಗಳ, ಶ್ರೀಮಂತರ ಹಿಡಿತದ ವಿರುದ್ಧ ಜನ ಎದ್ದ ಚಳವಳಿಯ, ಕಥೆ ಹಾಕುವ ಕೆಲಸ ಅರ್ಧ ದಾಟಿದೆ. ಇಸವಿಗಳ ಚಾರ್ಟ್ ತಯಾರಾಗಿದೆ. 2008ರಲ್ಲಿ ಬ್ಯಾಂಕ್‌ಗಳು ಮುಳುಗಿದ್ದು, ಸರ್ಕಾರ ಅವನ್ನು ಎತ್ತಿದ್ದು, ಮನೆ ಕಳೆದುಕೊಂಡ ಜನ ಹಾಗೇ ಉಳಿದದ್ದು. 2011ರ ಸೆಪ್ಟೆಂಬರ್ 17ಕ್ಕೆ ನ್ಯೂಯಾರ್ಕ್‌ನ ಜುಕೋಟಿ ಪಾರ್ಕ್‌ನಲ್ಲಿ ಜನ ಬಂದು ಕೂತದ್ದು, ನವೆಂಬರ್ 15ರ ನಸುಕಿನಲ್ಲಿ ಪೊಲೀಸರು ಎಬ್ಬಿಸಿದ್ದು. ಇಷ್ಟೇ ಬರೆದರೆ ಎರಡು ತಿಂಗಳಿಗೆ ಸೋತ ಚಳವಳಿ ಅನ್ನಿಸುತ್ತದೆ, ಅಲ್ವಾ? ಅದಕ್ಕೇ ಅಲ್ಲಿ ಜನ ಏನೇನು ಕಟ್ಟಿದರು ಅನ್ನೋದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಪಾರ್ಕ್‌ದೊಂದು ಸಣ್ಣ ಚಾರ್ಟ್. ನ್ಯೂಯಾರ್ಕ್‌ನ ಸರ್ಕಾರಿ ಪಾರ್ಕ್‌ಗಳು ರಾತ್ರಿ ಮುಚ್ಚುತ್ತವೆ. ಜುಕೋಟಿ ಖಾಸಗಿ ಕಂಪನಿಯದು, ಆದರೆ ನಗರದ ಜೊತೆಗಿನ ಕರಾರಿನಂತೆ 24 ಗಂಟೆ ತೆರೆದಿರಬೇಕು. ಹಾಗಾಗಿ ಅಲ್ಲಿ ಉಳಿಯೋಕೆ ಆಯಿತು.

ಮೈಕ್ ಚಾರ್ಟ್‌ಗೆ ಟೈಮ್ ಹಿಡಿಯಿತು. ಅಲ್ಲಿ ಧ್ವನಿವರ್ಧಕಕ್ಕೆ ಪರವಾನಗಿ ಬೇಕಿತ್ತು. ಅದಿಲ್ಲದೆ ಒಬ್ಬರು ನಾಲ್ಕೈದು ಪದ ಹೇಳುತ್ತಿದ್ದರು, ಸುತ್ತಲಿನವರು ಒಟ್ಟಿಗೆ ಅದನ್ನೇ ಕೂಗುತ್ತಿದ್ದರು. ಗುಂಪು ದೊಡ್ಡದಾದರೆ ಹಿಂದಿನವರು ಇನ್ನೊಮ್ಮೆ. ಜನರೇ ಮೈಕ್. ಸುಮ್ನೆ ಬರೆಯೋ ಬದಲು ನಾವೇ ಪಬ್ಲಿಕ್ ಗಾರ್ಡನ್‌ನಲ್ಲಿ ಮಾಡಿ ನೋಡಿದೆವು. 'ತೊಗರಿ ದರ ಬಿದ್ದರೆ', 'ಯಾರ ಮನೆ ಒಲೆ', 'ಮೊದಲು ಆರುತ್ತದೆ?' ಮೂರು ತುಂಡು, ಮೂರು ಕೂಗು. ಚೆನ್ನಾಗಿ ಕೇಳಿಸಿತು. ಉದ್ದ ವಾಕ್ಯ ನಡೆಯಲಿಲ್ಲ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ತಾನೆ? ಅಲ್ಲಿಗೆ ಬರೋಷ್ಟರಲ್ಲಿ ಹಿಂದಿನ ಸಾಲಿನವರಿಗೆ ಮೊದಲ ತುಂಡು ಮರೆತಿತ್ತು. ಇನ್ನೊಂದು ಗೊತ್ತಾಯಿತು: ನಾವು ಒಪ್ಪದ ಮಾತನ್ನೂ ನಮ್ಮ ಬಾಯಿಂದಲೇ ಹೇಳಬೇಕು. ಅದಕ್ಕೆ ಪೂರ್ತಿ ಕೇಳಿಸಿಕೊಳ್ಳಲೇಬೇಕು. ನನಗೆ ಈ ಚಳವಳಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಲೈಬ್ರರಿ ಚಾರ್ಟ್ ಬಾಗಿಲ ಪಕ್ಕಕ್ಕೆ. ಪಾರ್ಕ್‌ನಲ್ಲಿ 5,000ಕ್ಕೂ ಹೆಚ್ಚು ಪುಸ್ತಕ ಕೂಡಿದ್ದವು. ತೆರವಿನಲ್ಲಿ ಬಹಳಷ್ಟು ಹಾಳಾದವು. ಕೇಸ್ ಹಾಕಿದ ಮೇಲೆ 2013ರಲ್ಲಿ ನಗರಾಡಳಿತ ಪರಿಹಾರ ಕೊಟ್ಟಿತು.

ಈಗ ಕೈಯಲ್ಲಿರುವುದು ಸಾಲದ ಚಾರ್ಟ್. ಅಮೆರಿಕದಲ್ಲಿ ವಸೂಲಾಗದ ಹಳೆ ಸಾಲವನ್ನು ವಸೂಲಿ ಕಂಪನಿಗಳಿಗೆ ತೀರಾ ಅಗ್ಗಕ್ಕೆ ಮಾರುತ್ತಾರೆ. ಆಕ್ಯುಪೈನಿಂದ ಬೆಳೆದ ಒಂದು ಗುಂಪು 2012ರ ನವೆಂಬರ್‌ನಲ್ಲಿ 'ರೋಲಿಂಗ್ ಜುಬಿಲಿ' ಶುರುಮಾಡಿತು. ಜನರಿಂದ ಸುಮಾರು 7 ಲಕ್ಷ ಡಾಲರ್ ಕೂಡಿತು. ಆ ದುಡ್ಡಿನಿಂದ ಅದೇ ಸಂತೆಯಲ್ಲಿ ಆಸ್ಪತ್ರೆ ಬಿಲ್ಲು, ಕಾಲೇಜು ಫೀಸಿನ ಸಾಲ ಕೊಂಡು, ವಸೂಲಿ ಮಾಡದೆ ಮನ್ನಾ ಮಾಡಿದರು. ಒಟ್ಟು ಹತ್ತಿರ ಹತ್ತಿರ 3.2 ಕೋಟಿ ಡಾಲರ್ ಸಾಲ! ಸಾಲಗಾರರಿಗೆ 'ನೀವು ಇನ್ನು ಕಟ್ಟಬೇಕಿಲ್ಲ' ಅಂತ ಪತ್ರ ಹೋಯಿತು.

ಓದುಕೋಣೆ ನೋಡಿಕೊಳ್ಳುವ ಕಾಕಾ ಕರಡು ಓದಿ ಕೇಳಿದರು: "ಅಲ್ಲ ತಂಗಿ, ಅಷ್ಟು ಕಮ್ಮಿಗಿ ಮಾರೋದಿದ್ರ ಸಾಲ ಮಾಡ್ದವ್ರಿಗೇ ಅದೇ ರೇಟಿಗಿ ಯಾಕ ಬಿಡಲ್ಲ?" ಚಳವಳಿಯವರು ಎತ್ತಿದ ಪ್ರಶ್ನೆಯೂ ಇದೇ. ಚಾರ್ಟ್‌ನ ತಲೆಬರಹಕ್ಕೆ ಕಾಕಾನ ಮಾತನ್ನೇ ಹಾಕುತ್ತೇನೆ, ಒಂದಕ್ಷರ ತಿದ್ದದೆ. ಸಾಲ ಅಂದರೇನು ಅಂತ ನಮ್ಮ ಜಿಲ್ಲೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಸೂಪರ್ ಮಾರ್ಕೆಟ್‌ನಿಂದ ದಪ್ಪ ಮಾರ್ಕರ್ ತಂದಾಗಿದೆ. ಅಕ್ಷರ ದುಂಡಗೆ ಬರೆಯುವವರು ಯಾರಾದರೂ ಇದ್ದರೆ ಭಾನುವಾರ ಬನ್ನಿ.