ಕಾಸೆಮಿರೋ ಆಡದ ಎಂಟು ಪಂದ್ಯಗಳು: ಕಾರ್ಡ್ ಲೆಕ್ಕದ ಹಾಳೆಯ ಮೊದಲ ತಿಂಗಳು

ಮೊದಲ ವಾರ

ಫುಟ್‌ಬಾಲ್ ನೋಡುವಾಗ ನನ್ನ ಕಣ್ಣು ಗೋಲಿಗಿಂತ ರೆಫರಿಯ ಜೇಬಿನ ಮೇಲೆಯೇ ಹೆಚ್ಚು ಇರುತ್ತದೆ ಎಂದು ಮನೆಯವರು ಹಾಸ್ಯ ಮಾಡುವುದುಂಟು. ಆ ಚಟಕ್ಕೊಂದು ರೂಪ ಕೊಡೋಣವೆಂದು ಈ ತಿಂಗಳು ಒಂದು ಸ್ಪ್ರೆಡ್‌ಶೀಟ್ ಕಟ್ಟಲು ಕುಳಿತಿದ್ದೇನೆ. ಒಂದು ತಂಡದ ಪಂದ್ಯಗಳ ಪಟ್ಟಿಯನ್ನೂ ಅದರ ಆಟಗಾರರು ಪಡೆದ ಕಾರ್ಡ್‌ಗಳ ಪಟ್ಟಿಯನ್ನೂ ತುಂಬಿದರೆ, ಯಾರು ಯಾವ ದಿನ ನಿಷೇಧದಿಂದ ಹೊರಗುಳಿಯಬೇಕೆಂಬುದನ್ನು ಹಾಳೆ ತಾನೇ ಹೇಳಬೇಕು. ಪರೀಕ್ಷೆಗೆ ಆರಿಸಿಕೊಂಡದ್ದು 2022–23ರ ಇಂಗ್ಲಿಷ್ ಋತುವನ್ನು, ಅದರಲ್ಲೂ ಮ್ಯಾಂಚೆಸ್ಟರ್ ಯುನೈಟೆಡ್‌ನ ಕಾಸೆಮಿರೋ ಅವರನ್ನು. ಒಂದೇ ಋತುವಿನಲ್ಲಿ ಮೂರು ಬಗೆಯ ನಿಷೇಧ ಅನುಭವಿಸಿದ ಆಟಗಾರ ಸಿಕ್ಕಿರುವಾಗ ಬೇರೆಯವರನ್ನು ಹುಡುಕುವ ಅಗತ್ಯವಿರಲಿಲ್ಲ.

ನಿಯಮಗಳನ್ನು ಬರೆದುಕೊಳ್ಳುವುದು ಕಷ್ಟವಾಗಲಿಲ್ಲ. ಲೀಗ್‌ನಲ್ಲಿ ತಂಡದ 19ನೆಯ ಪಂದ್ಯ ಮುಗಿಯುವುದರೊಳಗೆ 5 ಹಳದಿ ಕಾರ್ಡ್ ಬಂದರೆ ಒಂದು ಪಂದ್ಯ, 32ನೆಯ ಪಂದ್ಯದೊಳಗೆ 10 ಬಂದರೆ ಎರಡು ಪಂದ್ಯ ನಿಷೇಧ. ಒಂದೇ ಪಂದ್ಯದಲ್ಲಿ ಎರಡು ಹಳದಿ ಸೇರಿ ಹೊರಹೋದರೆ ಒಂದು ಪಂದ್ಯ. ಹಿಂಸಾತ್ಮಕ ವರ್ತನೆಗೋ ಅಪಾಯಕಾರಿ ಟ್ಯಾಕಲ್‌ಗೋ ನೇರ ಕೆಂಪು ಕಾರ್ಡ್ ಕಂಡರೆ ಮೂರು ಪಂದ್ಯ. ಇವೆಲ್ಲ ನಾಲ್ಕು ಸೂತ್ರಗಳಲ್ಲಿ ಮುಗಿದವು.

ಎರಡನೆಯ ವಾರ

ಹಾಳೆ ಮೊದಲ ಪರೀಕ್ಷೆಯಲ್ಲೇ ಎಡವಿತು. ಕಾಸೆಮಿರೋ ಐದನೆಯ ಹಳದಿ ಕಾರ್ಡ್ ಪಡೆದದ್ದು 2023ರ ಜನವರಿ 18ರಂದು, ಕ್ರಿಸ್ಟಲ್ ಪ್ಯಾಲೇಸ್ ತಂಡದ ಮೈದಾನದಲ್ಲಿ. ಆ ಪಂದ್ಯ ಮೂಲತಃ ಏಳನೆಯ ಸುತ್ತಿನದು. ಸೆಪ್ಟೆಂಬರ್‌ನಲ್ಲಿ ರಾಣಿ ಎಲಿಜಬೆತ್ ನಿಧನರಾದಾಗ ಇಡೀ ಸುತ್ತನ್ನೇ ಮುಂದೂಡಲಾಗಿತ್ತು. ನಾನು ಪಂದ್ಯಗಳನ್ನು ಸುತ್ತಿನ ಸಂಖ್ಯೆಯ ಪ್ರಕಾರ ಜೋಡಿಸಿದ್ದರಿಂದ ಹಾಳೆ ಆ ಕಾರ್ಡನ್ನು ಏಳನೆಯ ಸಾಲಿಗೆ ತಳ್ಳಿತು. ನಿಯಮ ಎಣಿಸುವುದು ತಂಡ ನಿಜವಾಗಿ ಆಡಿದ ಪಂದ್ಯಗಳನ್ನು, ಮತ್ತು ಆ ಎಣಿಕೆಯಲ್ಲಿ ಅದು ಯುನೈಟೆಡ್‌ನ ಸರಿಯಾಗಿ 19ನೆಯ ಪಂದ್ಯ. ಅಂದರೆ ಐದರ ಗಡಿ ಅನ್ವಯವಾಗುವ ಕೊನೆಯ ಪಂದ್ಯದಲ್ಲಿ ಅವರು ಐದನೆಯ ಕಾರ್ಡ್ ಪಡೆದು, ನಾಲ್ಕು ದಿನಗಳ ನಂತರದ ಆರ್ಸೆನಲ್ ಪಂದ್ಯವನ್ನು ಕಳೆದುಕೊಂಡರು. ಇನ್ನೊಂದು ಪಂದ್ಯ ತಡೆದುಕೊಂಡಿದ್ದರೆ ಹತ್ತನೆಯ ಹಳದಿಯವರೆಗೆ ಚಿಂತೆಯೇ ಇರಲಿಲ್ಲ.

ಇದೇ ತಪ್ಪು ಫೆಬ್ರುವರಿಯಲ್ಲಿ ಇನ್ನೂ ವಿಚಿತ್ರವಾಗಿ ಕಾಣಿಸಿಕೊಂಡಿತು. ಫೆಬ್ರುವರಿ 4ರಂದು, ಮತ್ತೆ ಕ್ರಿಸ್ಟಲ್ ಪ್ಯಾಲೇಸ್ ವಿರುದ್ಧವೇ, ಕಾಸೆಮಿರೋ ಎದುರಾಳಿಯೊಬ್ಬರ ಕುತ್ತಿಗೆಗೆ ಕೈಹಾಕಿ ನೇರ ಕೆಂಪು ಕಾರ್ಡ್ ಕಂಡರು. ಮೂರು ಪಂದ್ಯಗಳ ನಿಷೇಧ. ನನ್ನ ಹಾಳೆ ಫೆಬ್ರುವರಿ 12ರ ಲೀಡ್ಸ್ ಪಂದ್ಯ, 19ರ ಲೆಸ್ಟರ್ ಪಂದ್ಯ ಮತ್ತು 26ರ ಕ್ಯಾರಬಾವ್ ಕಪ್ (ಅಂದರೆ ಲೀಗ್ ಕಪ್) ಫೈನಲ್ ಎಂದು ತೀರ್ಪು ಕೊಟ್ಟಿತು. ಆದರೆ ಆ ಫೈನಲ್‌ನಲ್ಲಿ ನ್ಯೂಕಾಸಲ್ ವಿರುದ್ಧ ಮೊದಲ ಗೋಲನ್ನು ತಲೆಯಿಂದ ಹೊಡೆದವರೇ ಕಾಸೆಮಿರೋ! ಫೆಬ್ರುವರಿ 8ರಂದು ನಡೆದ ಇನ್ನೊಂದು ಲೀಡ್ಸ್ ಪಂದ್ಯ ಸೆಪ್ಟೆಂಬರ್‌ನಿಂದ ಮುಂದೂಡಲ್ಪಟ್ಟ ಎಂಟನೆಯ ಸುತ್ತಿನದಾದ್ದರಿಂದ, ಹಾಳೆ ಅದನ್ನು ಎಂದೋ ಮುಗಿದ ಪಂದ್ಯವೆಂದು ಭಾವಿಸಿ ದಾಟಿಹೋಗಿತ್ತು. ಸುತ್ತಿನ ಕಾಲಂ ಅಳಿಸಿ, ಎಲ್ಲವನ್ನೂ ಆಡಿದ ದಿನಾಂಕದ ಮೇಲೆ ಮರುಜೋಡಿಸುವ ಕೆಲಸಕ್ಕೆ ಎರಡು ಸಂಜೆಗಳು ಹಿಡಿದವು.

ಮೂರನೆಯ ವಾರ

ಈ ವಾರ ಸ್ಪರ್ಧೆಯ ಕಾಲಂ ಸೇರಿಸಿದೆ. ಹಳದಿ ಕಾರ್ಡ್‌ಗಳ ಲೆಕ್ಕ ಆಯಾ ಸ್ಪರ್ಧೆಗೆ ಸೀಮಿತ. ಕೆಂಪು ಕಾರ್ಡಿನ ನಿಷೇಧವಾದರೋ ಲೀಗ್, ಎಫ್‌ಎ ಕಪ್, ಲೀಗ್ ಕಪ್ ಎಂಬ ಭೇದವಿಲ್ಲದೆ ದೇಶದೊಳಗಿನ ಮುಂದಿನ ಪಂದ್ಯಗಳನ್ನು ಸಾಲಾಗಿ ನುಂಗುತ್ತದೆ. ಯುರೋಪಿನ ಪಂದ್ಯಗಳು ಅಲ್ಲಿನ ಫುಟ್‌ಬಾಲ್ ಒಕ್ಕೂಟವಾದ ಯುಇಎಫ್‌ಎ ಅಧೀನದಲ್ಲಿರುವುದರಿಂದ ಆ ಸಾಲಿಗೆ ಸೇರುವುದಿಲ್ಲ. ಹೀಗಾಗಿ 12ರಂದು ಹೊರಗೆ ಕುಳಿತಿದ್ದ ಕಾಸೆಮಿರೋ 16ರಂದು ಬಾರ್ಸಿಲೋನಾ ವಿರುದ್ಧ ಯುರೋಪಾ ಲೀಗ್‌ನಲ್ಲಿ ಆಡಿ, 19ರಂದು ಮತ್ತೆ ಹೊರಗೆ ಕುಳಿತರು. ಈ ಮೂರು ಸಾಲುಗಳನ್ನು ಹಾಳೆ ತಾನಾಗಿಯೇ ಸರಿಯಾಗಿ ತೋರಿಸಿದಾಗ ಆದ ಸಂತೋಷವನ್ನು ಹಂಚಿಕೊಳ್ಳಲು ಆ ರಾತ್ರಿ ಮನೆಯಲ್ಲಿ ಯಾರೂ ಎಚ್ಚರವಿರಲಿಲ್ಲ.

ಮಾರ್ಚ್ 12ರಂದು ಸೌತಾಂಪ್ಟನ್ ವಿರುದ್ಧ ಬಂದದ್ದು ಎರಡನೆಯ ಕೆಂಪು ಕಾರ್ಡ್. ಅದೇ ಋತುವಿನಲ್ಲಿ ಎರಡನೆಯ ಸಲ ಹೊರಹೋದವರಿಗೆ ಒಂದು ಪಂದ್ಯ ಹೆಚ್ಚುವರಿಯಾಗಿ ಸೇರುವುದರಿಂದ ಮೂರು ನಾಲ್ಕಾಯಿತು: ಎಫ್‌ಎ ಕಪ್‌ನ ಫುಲಂ, ನಂತರ ಲೀಗ್‌ನ ನ್ಯೂಕಾಸಲ್, ಬ್ರೆಂಟ್‌ಫರ್ಡ್, ಎವರ್ಟನ್. ಒಂದು, ಮೂರು, ನಾಲ್ಕು, ಒಟ್ಟು ಎಂಟು. ಹಾಳೆಯ ಮೊತ್ತವೂ ಎಂಟೇ.

ಆದರೆ ಅವರು ಹೊರಗಿದ್ದ ಆ ಮಾರ್ಚ್ 19ರ ಫುಲಂ ಪಂದ್ಯವೇ ಹಾಳೆಯ ಮಿತಿಯನ್ನು ತೋರಿಸಿಕೊಟ್ಟಿತು. ಅಂದು ಫುಲಂನ ಮಿತ್ರೊವಿಚ್ ರೆಫರಿಯ ತೋಳು ಹಿಡಿದು ತಳ್ಳಿ ಕೆಂಪು ಕಾರ್ಡ್ ಕಂಡರು. ನನ್ನ ಸೂತ್ರ ಮೂರು ಪಂದ್ಯ ಎಂದಿತು. ಆದರೆ ಅವರಿಗೆ ಸಿಕ್ಕಿದ್ದು ಎಂಟು ಪಂದ್ಯಗಳ ನಿಷೇಧ ಮತ್ತು 75,000 ಪೌಂಡ್ ದಂಡ. ಇಂಥ ಕೃತ್ಯಕ್ಕೆ ಸಾಮಾನ್ಯ ಶಿಕ್ಷೆ ಸಾಲದೆಂದು ಇಂಗ್ಲಿಷ್ ಫುಟ್‌ಬಾಲ್ ಸಂಸ್ಥೆ ಪ್ರತ್ಯೇಕ ಆರೋಪ ಹೊರಿಸುತ್ತದೆ, ಸ್ವತಂತ್ರ ಆಯೋಗ ವಿಚಾರಣೆ ನಡೆಸುತ್ತದೆ. ಕಾಸೆಮಿರೋ ಮೂರು ಕಂತುಗಳಲ್ಲಿ ಕಟ್ಟಿದ್ದನ್ನು ಮಿತ್ರೊವಿಚ್ ಒಂದೇ ಆದೇಶದಲ್ಲಿ ಕಟ್ಟಬೇಕಾಯಿತು. ಸೂತ್ರವನ್ನು ತಿದ್ದುವ ಬದಲು, ಆಯೋಗದ ಆದೇಶವನ್ನು ಕೈಯಾರೆ ತುಂಬುವ ಒಂದು ಖಾಲಿ ಕಾಲಂ ಇಟ್ಟಿದ್ದೇನೆ. ಮನುಷ್ಯರ ವಿವೇಚನೆಯನ್ನು ಸೂತ್ರದಲ್ಲಿ ಹಿಡಿಯಲು ಹೋಗುವುದು ನನ್ನ ಅಭಿಪ್ರಾಯದಲ್ಲಿ ವ್ಯರ್ಥ ಶ್ರಮ.

ನಾಲ್ಕನೆಯ ವಾರ

ಆ ಖಾಲಿ ಕಾಲಂ ಪರೀಕ್ಷಿಸಲು ಮನೆಯ ಹತ್ತಿರದ ಪ್ರಕರಣವೇ ಒದಗಿತು. 2023ರ ಮಾರ್ಚ್ 3ರಂದು ಕಂಠೀರವ ಕ್ರೀಡಾಂಗಣದಲ್ಲಿ, ಕೇರಳ ಬ್ಲಾಸ್ಟರ್ಸ್ ಆಟಗಾರರು ಇನ್ನೂ ಸಜ್ಜಾಗುವ ಮೊದಲೇ ಬೆಂಗಳೂರು ಎಫ್‌ಸಿಯ ಸುನಿಲ್ ಛೆಟ್ರಿ ಫ್ರೀಕಿಕ್ ಹೊಡೆದು ಗೋಲು ಗಳಿಸಿದರು; ಪ್ರತಿಭಟಿಸಿ ಬ್ಲಾಸ್ಟರ್ಸ್ ಕೋಚ್ ಇವಾನ್ ವುಕೊಮನೊವಿಚ್ ತಂಡವನ್ನು ಮೈದಾನದಿಂದ ಕರೆದೊಯ್ದರು. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ನಿನ ಶಿಸ್ತು ಸಮಿತಿ ಬ್ಲಾಸ್ಟರ್ಸ್ ತಂಡಕ್ಕೆ 4 ಕೋಟಿ ರೂಪಾಯಿ, ಕೋಚ್‌ಗೆ 5 ಲಕ್ಷ ರೂಪಾಯಿ ದಂಡ ವಿಧಿಸಿ, ಕೋಚ್‌ಗೆ 10 ಪಂದ್ಯಗಳ ನಿಷೇಧ ಹೇರಿತು. ಬೆಂಗಳೂರಿನ 1–0 ಗೆಲುವು ಹಾಗೆಯೇ ಉಳಿಯಿತು. (ಅದು ಗೋಲೇ ಎಂದು ನಾನೂ ಹೇಳುವೆ. ಆದರೆ ನಾನು ಬೆಂಗಳೂರಿನವನು.)

ಕಾಲಂನಲ್ಲಿ 10 ಎಂದು ತುಂಬಿ, ಬ್ಲಾಸ್ಟರ್ಸ್ ಪಂದ್ಯಗಳ ಪಟ್ಟಿಯನ್ನು ದಿನಾಂಕದ ಕ್ರಮದಲ್ಲಿ ಕೊಟ್ಟೆ. ಹಾಳೆ ಸೂಪರ್ ಕಪ್‌ನಲ್ಲಿ ಮೂರು, ಡ್ಯುರಾಂಡ್ ಕಪ್‌ನಲ್ಲಿ ಮೂರು, ಹೊಸ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಋತುವಿನಲ್ಲಿ ನಾಲ್ಕು ಎಂದು ಎಣಿಸಿತು. ಆ ಹತ್ತರಲ್ಲಿ ಮೂರು ಪಂದ್ಯಗಳು ಬೆಂಗಳೂರು ಎಫ್‌ಸಿ ವಿರುದ್ಧವೇ ಇದ್ದದ್ದು ಹಾಳೆಯ ಬಣ್ಣ ಬಳಿದ ಸಾಲುಗಳಲ್ಲಿ ಕಂಡಾಗಲಷ್ಟೇ ನನಗೆ ಹೊಳೆಯಿತು. ನಿಷೇಧ ಮುಗಿದ ನಂತರದ ಮೊದಲ ಪಂದ್ಯವೆಂದು ಅದು ತೋರಿಸಿದ್ದು 2023ರ ಅಕ್ಟೋಬರ್ 27ರ ಒಡಿಶಾ ಪಂದ್ಯವನ್ನು. ವುಕೊಮನೊವಿಚ್ ಬೆಂಚಿಗೆ ಮರಳಿದ್ದು ಅಂದೇ.

ಮುಂದಿನ ತಿಂಗಳು ಮೇಲ್ಮನವಿಯಲ್ಲಿ ರದ್ದಾದ ಕೆಂಪು ಕಾರ್ಡ್‌ಗಳ ಸರದಿ.