ಎ ಫೀಡ್, ಬಿ ಫೀಡ್ ಎರಡೂ ಕೂಡಿಸಿ ನೋಡಿ

ಎರಡು ವರ್ಷ ಆಯ್ತು, ಈಗ್ಲೂ ಎಲ್ಲಾದ್ರೂ ಎಂಸಿಬಿ (ಲೋಡ್ ಜಾಸ್ತಿ ಆದ್ರೆ ತಾನೇ ಬೀಳೋ ಸ್ವಿಚ್ಚು) ಟಪ್ ಅಂದ್ರೆ ಎದೆ ಧಸಕ್ ಅನ್ನತ್ತೆ.

ಶನಿವಾರ ರಾತ್ರಿ, ವೈಟ್‌ಫೀಲ್ಡ್ ಹತ್ರ ಒಂದು ಕಸ್ಟಮರ್ ಸೈಟು, ಓಡ್ತಾ ಇರೋ ಡೇಟಾ ಸ್ಟೋರೇಜಿಗೆ 60 ಡಿಸ್ಕಿನ ಶೆಲ್ಫ್ ಎರಡು ಸೇರಿಸ್ಬೇಕಿತ್ತು. ರ್‍ಯಾಕಲ್ಲಿ ಎರಡು ಪಿಡಿಯು (ಕರೆಂಟ್ ಹಂಚೋ ಪ್ಲಗ್ ಪಟ್ಟಿ), ಒಂದಕ್ಕೆ ಎ ಫೀಡ್, ಇನ್ನೊಂದಕ್ಕೆ ಬಿ ಫೀಡ್ ಅಂತ ಬೇರೆ ಬೇರೆ ಕರೆಂಟ್ ಲೈನು, ಎರಡಕ್ಕೂ 16 ಆಂಪ್ ಎಂಸಿಬಿ. ಮುಂಚೆ ಒಂದೊಂದ್ರಲ್ಲೂ 7 ಆಂಪ್ ಇತ್ತು, ಹೊಸ ಡಿಸ್ಕೆಲ್ಲ ತಿರುಗಿ ಸೆಟಲ್ ಆದ್ಮೇಲೆ 12. ಹದಿನಾರಕ್ಕೆ ಹನ್ನೆರಡು, 80 ಪರ್ಸೆಂಟ್ ಮಿತಿ ಒಳಗೇ ಇದೆ ಅಂತ ಶೀಟಲ್ಲಿ ಓಕೆ ಹಾಕಿದೆ.

ಆಮೇಲೆ ಫೇಲೋವರ್ ಟೆಸ್ಟ್, ಒಂದು ಫೀಡ್ ಹೋದ್ರೂ ಇನ್ನೊಂದ್ರಲ್ಲಿ ನಡೆಯತ್ತಾ ಅಂತ. ಎ ಫೀಡ್ ಆಫ್ ಮಾಡಿಸಿ ಹತ್ತು ನಿಮಿಷ ಬಿಡ್ಬೇಕು. ಕನ್ಸೋಲಲ್ಲಿ ಪವರ್ ಸಪ್ಲೈ ಅಲರ್ಟ್ ಬಂತು, ಐಒ (ಡೇಟಾ ಓದೋದು ಬರೆಯೋದು) ನಿಲ್ಲಲಿಲ್ಲ, ನಾನು ಎಲ್ಲರೂ ಸೇರಿದ್ದ ಫೋನ್ ಕಾಲಲ್ಲಿ ಪಾಸ್ ಅಂತ ಹೇಳಿಬಿಟ್ಟೆ. ಕಣ್ಣೆಲ್ಲ ಸ್ಕ್ರೀನ್ ಮೇಲೆ, ಪಕ್ಕದಲ್ಲೇ ಇದ್ದ ಬಿ ಪಿಡಿಯು ಡಿಸ್ಪ್ಲೇ ಕಡೆ ತಿರುಗಿ ಕೂಡ ನೋಡಲಿಲ್ಲ. ಆರನೇ ನಿಮಿಷಕ್ಕೆ ಟಪ್. ಕಿವಿ ತುಂಬ್ತಿದ್ದ ಫ್ಯಾನ್ ಸದ್ದು ನಿಧಾನಕ್ಕೆ ಇಳೀತಾ ಇಳೀತಾ ನಿಂತೇಹೋಯ್ತು, ರ್‍ಯಾಕ್ ಪೂರ್ತಿ ಕತ್ತಲೆ. ಫೋನಲ್ಲಿ ಯಾರೋ "ಡೇಟಾಬೇಸ್ ಹೋಯ್ತು" ಅಂತಿದಾರೆ, ನನ್ನ ಬಾಯಿ ಒಣಗಿಹೋಗಿದೆ.

ಅಲ್ಲಿನ ಎಲೆಕ್ಟ್ರಿಶಿಯನ್ ಡಿಬಿ (ಎಂಸಿಬಿ ಇರೋ ಬಾಕ್ಸು) ತೆಗ್ದು ಎಂಸಿಬಿ ಮುಟ್ಟಿ ನೋಡಿದ್ರು. "ಬಿಸಿ ಆಗಿದೆ ಸರ್. ಒಂದು ಹೋದ್ರೆ ಅದರ ಲೋಡೂ ಇನ್ನೊಂದ್ರ ಮೇಲೇ ಬೀಳತ್ತಲ್ವಾ, ಎರಡೂ ಕೂಡಿಸಿದ್ರಾ?"

ಕೂಡಿಸಿರಲಿಲ್ಲ. 12ಕ್ಕೆ 12, 24. ಹಳೇ ಸೆಟಪ್ಪಲ್ಲಿ 7ಕ್ಕೆ 7, 14 ಆಗಿ ಬಚಾವ್ ಆಗ್ತಿತ್ತು. ಶಾರ್ಟ್ ಆದ್ರೆ ಎಂಸಿಬಿ ತಕ್ಷಣ ಬೀಳತ್ತೆ, ಓವರ್‌ಲೋಡಿಗೆ ಒಳಗಿನ ಪಟ್ಟಿ ಕಾದು ಬಗ್ಗೋವರೆಗೂ ತಡ್ಕೊಳತ್ತೆ, ಆ ಆರು ನಿಮಿಷಾನೇ ನಾನು ಪಾಸ್ ಅಂದ್ಕೊಂಡಿದ್ದು.

ಎರಡೂ ಫೀಡ್ ಆನ್ ಮಾಡಿ, ಮೊದಲು ಶೆಲ್ಫುಗಳು, ಲೈಟೆಲ್ಲ ಮಿನುಗೋದು ನಿಂತ್ಮೇಲೆ ಕಂಟ್ರೋಲರ್. ಕ್ಯಾಶ್ (ಇನ್ನೂ ಡಿಸ್ಕಿಗೆ ಇಳಿಯದ ಡೇಟಾ) ಬ್ಯಾಟರಿ ಮೇಲೆ ಉಳಿದಿತ್ತು, ಡೇಟಾ ಹೋಗಲಿಲ್ಲ, ಆದ್ರೆ ಡೇಟಾಬೇಸ್ ನೋಡ್ಕೊಳ್ಳೋರು ಚೆಕ್ ಮುಗ್ಸೋ ಹೊತ್ತಿಗೆ ಬೆಳಗ್ಗೆ ಐದು.

32 ಆಂಪ್ ಲೈನ್ ಬೇಕು ಅಂತ ಮುಂಚೆನೇ ಒಂದು ಮಾತು ಬಂದಿತ್ತು, ಅಪ್ರೂವಲಿಗೆ ಮೂರು ವಾರ ಬೇಕು ಇರೋದ್ರಲ್ಲೇ ಮುಗ್ಸಿ ಅಂದ್ರು ಮ್ಯಾನೇಜರ್. ನಮ್ಮ ಸೈಟ್ ರೆಡಿನೆಸ್ ಶೀಟಲ್ಲಿ ಪವರ್ ಬಗ್ಗೆ ಇರೋ ಪ್ರಶ್ನೆ ಒಂದೇ, ಇದೆಯಾ ಇಲ್ವಾ. ಎಷ್ಟು ಆಂಪ್, ಒಂದೇ ಫೀಡ್ ಮೇಲೆ ಎಷ್ಟು ಬೀಳತ್ತೆ ಅಂತ ಯಾರೂ ಕೇಳಲ್ಲ. ಆದ್ರೂ ಆ ಓಕೆ ಹಾಕಿದ್ದು ನಾನೇ, ಮ್ಯಾನೇಜರ್ ಅಲ್ಲ. ಈಗ ಆ ಕಾಲಮ್ ನಾನೇ ಪೆನ್ನಲ್ಲಿ ಗೀಚಿ ಸೇರಿಸ್ತೀನಿ.

ಮೂರು ವಾರ ಆದ್ಮೇಲೆ ನೀಲಿ 32 ಆಂಪ್ ಸಾಕೆಟ್ ಬಂತು, ಅದೇ ಟೆಸ್ಟ್ ಮತ್ತೆ ಮಾಡಿದ್ವಿ. ಎ ಆಫ್. ಅದೇ ಎಲೆಕ್ಟ್ರಿಶಿಯನ್ ಬಿ ಕೇಬಲಿಗೆ ಕರೆಂಟ್ ಅಳೆಯೋ ಕ್ಲಾಂಪ್ ಮೀಟರ್ ಹಾಕಿ ಹಿಡ್ಕೊಂಡಿದ್ರು, 24 ತೋರಿಸ್ತಿತ್ತು, ಅರ್ಧ ಗಂಟೆ ನಾನು ಅಲ್ಲಿಂದ ಕದಲಲಿಲ್ಲ.