ಮನೆ ಅಗ್ಗ, ಮಾಡು ದುಬಾರಿ

ಟುಲೂಸಿನಿಂದ ಉತ್ತರಕ್ಕೆ ಹೊರಟು, ಸೂಯಾಕ್ ಹತ್ತಿರ ಹೆದ್ದಾರಿ ಬಿಟ್ಟು ದೊರ್ದೋನ್ ನದಿಯ ಪಕ್ಕ ಪಶ್ಚಿಮಕ್ಕೆ ತಿರುಗಿದರೆ ಅಕ್ರೋಟದ ತೋಪುಗಳು ಶುರುವಾಗುತ್ತವೆ. ಇದು ಫ್ರಾನ್ಸಿನ ಪೆರಿಗೋರ್ ಸೀಮೆ. ಟುಲೂಸಿನಲ್ಲಿ ವಿಮಾನ ತಯಾರಿಸುವ ಕಂಪನಿಯಲ್ಲಿರುವ ನನ್ನ ಗೆಳೆಯನಿಗೆ ಇಲ್ಲೊಂದು ಹಳೇ ಮನೆ ಕೊಳ್ಳುವ ಆಸೆ. ಸಾರ್ಲಾ ಪಟ್ಟಣದ ಆಚೆ ಜಮೀನು ಸಮೇತ ಮಾರಾಟಕ್ಕಿದ್ದ ಒಂದು ಮನೆ ನೋಡಲು ನನ್ನನ್ನೂ ಎಳೆದುಕೊಂಡು ಹೋದ.

ಜೇನು ಬಣ್ಣದ ಸುಣ್ಣಕಲ್ಲಿನ ಗೋಡೆ. ಒಳಗೆ ಆಳೆತ್ತರದ ಒಲೆಗೂಡು. ಸುತ್ತ 5 ಹೆಕ್ಟೇರ್, ಅಂದರೆ 12 ಎಕರೆಗೂ ಮೇಲೆ. ಜಯನಗರದ ಒಂದು ದೊಡ್ಡ ಸೈಟು ಮಾರಿದರೆ ಇದು ಬರುತ್ತದೆ ಅಂತ ಗೆಳೆಯ ಕಾರಿನಲ್ಲೇ ಲೆಕ್ಕ ಹಾಕಿಟ್ಟಿದ್ದ.

ನನಗೆ ಕಣ್ಣು ನಿಂತದ್ದು ಮಾಡಿನ ಮೇಲೆ. ಇಲ್ಲಿ ಹೆಂಚಿಲ್ಲ. ಚಪ್ಪಟೆ ಕಲ್ಲುಗಳನ್ನು ಮೊಳೆ ಹೊಡೆಯದೆ ಒಂದರ ಮೇಲೊಂದು ಪೇರಿಸಿದ್ದಾರೆ. ಇದಕ್ಕೆ ಲೋಜ್ ಅಂತಾರೆ. ಒಂದು ಚದರ ಮೀಟರಿಗೆ ಅರ್ಧ ಟನ್ನಿನಷ್ಟು ಭಾರ! ಅದಕ್ಕೇ ಮಾಡು ಅಷ್ಟು ಕಡಿದಾಗಿದೆ, ಗೋಡೆ ಅಷ್ಟು ದಪ್ಪ. ಈ ಕೆಲಸ ಬಲ್ಲ ಕುಶಲಿಗರು ಈಗ ಕಡಿಮೆ. ಒಂದು ಮೂಲೆ ಕುಸಿದಿತ್ತು. ತೋರಿಸಲು ಬಂದಿದ್ದ ಏಜೆಂಟ್ ಆ ಕಡೆ ಮಾತ್ರ ನಮ್ಮನ್ನು ಕರೆದೊಯ್ಯಲಿಲ್ಲ, ನಾವೇ ಸುತ್ತಿ ಹೋದೆವು.

ಹಿತ್ತಲಲ್ಲಿ ಪಾರಿವಾಳದ ಗೋಪುರವಿತ್ತು. ಒಳಗೋಡೆ ತುಂಬಾ ಗೂಡು. ಹಿಕ್ಕೆ ಹೊಲಕ್ಕೆ ಗೊಬ್ಬರ, ಮರಿ ಊಟದ ಮೇಜಿಗೆ. ಹಿಂದೆ ಫ್ರಾನ್ಸಿನ ಬಹುಪಾಲು ಕಡೆ ಇಂಥ ಗೋಪುರ ಇಟ್ಟುಕೊಳ್ಳುವುದು ಜಮೀನ್ದಾರರ ಹಕ್ಕು. ಬಿತ್ತಿದ ಕಾಳನ್ನು ಧಣಿಯ ಹಕ್ಕಿ ತಿಂದರೂ ರೈತ ಕಲ್ಲೆತ್ತುವಂತಿರಲಿಲ್ಲ. 1789ರ ಆಗಸ್ಟ್ 4ರ ರಾತ್ರಿ ಕ್ರಾಂತಿಯ ಸಭೆ ರದ್ದು ಮಾಡಿದ ಹಕ್ಕುಗಳಲ್ಲಿ ಇದೂ ಒಂದು. ಮುಂದೆ 1798ರಲ್ಲಿ ಕಿಟಕಿ ಬಾಗಿಲುಗಳನ್ನು ಎಣಿಸಿ ತೆರಿಗೆ ಹಾಕಿದರು. ಅದು 1926ರವರೆಗೂ ಇತ್ತು ಅಂದರೆ ನಂಬಬೇಕು!

ಮಾರುತ್ತಿರುವವರು ಅಣ್ಣ ತಂಗಿಯರು. ಇಲ್ಲಿ ಮಕ್ಕಳಿಗೆ ಆಸ್ತಿಯಲ್ಲಿ ಪಾಲು ತಪ್ಪಿಸುವುದು ಹೆತ್ತವರಿಗೆ ಅಷ್ಟು ಸುಲಭವಲ್ಲ. ಹಾಗಾಗಿ ಒಂದು ಮನೆಗೆ ನಾಲ್ಕು ಒಡೆಯರು, ಮಾಡು ರಿಪೇರಿಗೆ ಯಾರೂ ಇಲ್ಲ.

ಕಾಗದಪತ್ರದ ವಿಷಯ ಕೇಳಿ ಗೆಳೆಯನ ಮುಖ ಸಣ್ಣದಾಯಿತು. ಹಳೇ ಮನೆಗೆ ನೊಟೇರ್, ಅಂದರೆ ಕ್ರಯಪತ್ರ ಮಾಡಿಕೊಡುವ ಅಧಿಕಾರಿ, ಅವರ ಮೂಲಕ ಕಟ್ಟುವ ಖರ್ಚೇ ಬೆಲೆಯ ಶೇ. 7ರಿಂದ 8. ಅದರಲ್ಲಿ ಹೆಚ್ಚಿನದು ಸರ್ಕಾರಕ್ಕೆ ಹೋಗುವ ತೆರಿಗೆ. ಸೆಪ್ಟಿಕ್ ಟ್ಯಾಂಕ್ ನಿಯಮಕ್ಕೆ ತಕ್ಕಂತಿಲ್ಲದಿದ್ದರೆ ಕೊಂಡವರು 1 ವರ್ಷದೊಳಗೆ ಸರಿಪಡಿಸಬೇಕು. ಸುತ್ತ ಕೃಷಿ ಭೂಮಿ ಇದೆಯಲ್ಲ, ಅದರ ಮಾರಾಟವನ್ನು ಸಫೇರ್ ಎಂಬ ಕೃಷಿ ಭೂಮಿ ಸಂಸ್ಥೆಗೆ ತಿಳಿಸಬೇಕು. ಬೇಕೆನಿಸಿದರೆ 2 ತಿಂಗಳೊಳಗೆ ಆ ಸಂಸ್ಥೆಯೇ ಮೊದಲು ಕೊಳ್ಳಬಹುದು. ಜಮೀನು ರೈತರ ಕೈ ತಪ್ಪಬಾರದು ಅನ್ನುವುದು ಉದ್ದೇಶ. ನನಗಂತೂ ಇದು ನ್ಯಾಯ ಅನ್ನಿಸಿತು. ಗೆಳೆಯನಿಗೆ ಅನ್ನಿಸಲಿಲ್ಲ.

ಮಧ್ಯಾಹ್ನ ಹತ್ತಿರದ ಮಿಲಾಂಡ್ ಕೋಟೆಮನೆಗೆ ಹೋದೆವು. 1489ರಲ್ಲಿ ಕಟ್ಟಿಸಿದ್ದು. ಅಮೆರಿಕದಲ್ಲಿ ಹುಟ್ಟಿ ಪ್ಯಾರಿಸಿನಲ್ಲಿ ಹೆಸರಾದ ಹಾಡುಗಾರ್ತಿ ಜೋಸೆಫಿನ್ ಬೇಕರ್ ಇದನ್ನು ಮೊದಲು ಬಾಡಿಗೆಗೆ ಹಿಡಿದು, 1947ರಲ್ಲಿ ಕೊಂಡರು. ಬೇರೆ ಬೇರೆ ದೇಶಗಳ 12 ಮಕ್ಕಳನ್ನು ದತ್ತು ತೆಗೆದುಕೊಂಡು ಇಲ್ಲೇ ಸಾಕಿದರು. ಹೋಟೆಲು, ಫಾರಂ, ನಾಟಕಶಾಲೆ ಎಲ್ಲ ಮಾಡಿದರು. ಸಾಲ ಮಾತ್ರ ಏರುತ್ತಲೇ ಹೋಯಿತು. 1968ರಲ್ಲಿ ಮನೆ ಹರಾಜಾಯಿತು. ಮರುವರ್ಷ ಹೊರಗೆ ಹಾಕಿದಾಗ ಆಕೆ ಅಡುಗೆಮನೆಯ ಮೆಟ್ಟಿಲ ಮೇಲೆ ಕೂತಿದ್ದ ಫೋಟೋ ಇಲ್ಲಿದೆ. ತಲೆಗೆ ಟೋಪಿ, ಮೈಗೆ ಕಂಬಳಿ. ಎರಡನೇ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಗೂಢಚಾರಿಕೆ ಮಾಡಿದ ಹೆಂಗಸು. 2021ರಲ್ಲಿ ಅದೇ ದೇಶ ಆಕೆಯನ್ನು ತನ್ನ ಮಹನೀಯರ ಸ್ಮಾರಕವಾದ ಪ್ಯಾರಿಸಿನ ಪ್ಯಾಂಥಿಯಾನಿಗೆ ಸೇರಿಸಿ ಗೌರವಿಸಿತು.

ಈಗಿನ ಮಾಲೀಕರು ಟಿಕೆಟ್ ಇಟ್ಟು ನಡೆಸುತ್ತಾರೆ. ಆಕೆಯ ಉಡುಪುಗಳಿವೆ, ಅಂಗಳದಲ್ಲಿ ಗಿಡುಗ, ಗೂಬೆಗಳ ಪ್ರದರ್ಶನವಿದೆ. ಜನ ಕಿಕ್ಕಿರಿದಿದ್ದರು. ಗೆಳೆಯ ಆ ಸಾಲನ್ನೇ ನೋಡುತ್ತಾ, "ಹಾಗಾದ್ರೆ ನಾನೂ ಒಂದೆರಡು ಗಿಡುಗ ಸಾಕ್ಲಾ?" ಅಂದ.